‘ಇಲ್ಲ’ ಮನೆತನದ ಸೂತಕ

ಶರಣ ಬಂಧುಗಳೇ, ನಿನ್ನೆ ಒಬ್ಬರು ನನ್ನ ಹತ್ತಿರ ಬಂದು ಬಹಳ ನೊಂದುಕೊಂಡರು. ಎಷ್ಟು ಉಪಕಾರ ಮಾಡಿದರೂ ಜನಕ್ಕೆ ಬೆಲೆಯೇ ಗೊತ್ತಿಲ್ಲ ಬುದ್ಧೀ, ಕೈಯಾರೆ ತಂದುಕೊಟ್ಟಿದ್ದನ್ನು ಮುಟ್ಟಿಯೂ ನೋಡಲ್ಲ ಅಂದರು. ನಾನು ಸುಮ್ಮನೆ ವಿಭೂತಿ ಕೊಟ್ಟು ಕಳಿಸಿದೆ. ರಾತ್ರಿಯೆಲ್ಲಾ ಅದೇ ಮಾತು ತಲೆಯಲ್ಲಿ. ಉಪಕಾರ ಮಾಡೋದು ಹೇಗೆ ಅಂತ ನಾವು ಸ್ವಾಮಿಗಳು ದಿನಾ ಹೇಳ್ತೀವಿ. ಉಪಕಾರ ಮಾಡಿಸಿಕೊಂಡವರು ಯಾಕೆ ಓಡಿಹೋಗ್ತಾರೆ ಅಂತ ಯಾರಾದರೂ ಹೇಳಿದ್ದೀವಾ? ಇವತ್ತು ಅದನ್ನೇ ನೋಡೋಣ. ನೋಡಿ, ಹಿಂದೆ ಕೂತವರು ಮಾತು ನಿಲ್ಲಿಸಿ. ಕಥೆ ಅಂದರೆ ಮಾತ್ರ ನಿಮ್ಮ ಕಿವಿ ನೆಟ್ಟಗಾಗುತ್ತೆ ಅಂತ ನನಗೆ ಗೊತ್ತು, ಅದಕ್ಕೇ ಕಥೆ.

ಹಪ್ಪಳದ ಕಾರ್ಖಾನೆ ಇಟ್ಟುಕೊಂಡ ಒಬ್ಬ ಸಾವ್ಕಾರ. ಯಾವೂರು ಅಂತ ಕೇಳಬೇಡಿ. ಹೆಸರು ಬೇಕೇ ಬೇಕು ಅಂದರೆ ಕೊಟ್ರಬಸಪ್ಪ ಅಂತ ಇಟ್ಟುಕೊಳ್ಳಿ. ಇಲ್ಲಿ ಕೊಟ್ರಬಸಪ್ಪ ಅನ್ನೋರು ಇದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವನು ನೀವಲ್ಲ. ಸದ್ಯಕ್ಕೆ.

ಕೆಟ್ಟ ಮನುಷ್ಯ ಅಲ್ಲ ಅವನು. ಈ ಮಾತು ನೆನಪಿರಲಿ. ನೂರಾರು ಹೆಂಗಸರು ಅವನ ಕಾರ್ಖಾನೆಯಲ್ಲಿ ಸಾಲಾಗಿ ಕೂತು ಲಟ್ಟಣಿಗೆ ಹಿಡಿದು ಹಪ್ಪಳ ಒತ್ತುತ್ತಿದ್ದರು. ಹಬ್ಬಕ್ಕೆ ಸೀರೆ ಕೊಡ್ತಿದ್ದ, ಮದುವೆಗೆ ಕರೆದರೆ ಹೋಗ್ತಿದ್ದ. ಯಾರಿಗಾದರೂ ರಜೆ ಬೇಕಾದರೆ ಗೇಟಿನ ಹತ್ತಿರ ನಿಂತಿರುತ್ತಿದ್ದ ಮೇಸ್ತ್ರಿ ಹಾಲಪ್ಪನಿಗೆ ಹೇಳೋದು. ‘ಅಣ್ಣಾ, ನಾಳೆ ಬರಲ್ಲ, ತವರಿಗೆ ಹೋಗ್ಬೇಕು.’ ಹಾಲಪ್ಪ ತಲೆಯಾಡಿಸೋದು. ಅಷ್ಟೇ. ಹಾಲಪ್ಪ ಒಮ್ಮೊಮ್ಮೆ ಮರೀತಿದ್ದ, ಒಬ್ಬಳ ರಜೆ ಇನ್ನೊಬ್ಬಳ ತಲೆಗೆ ಕಟ್ಟುತ್ತಿದ್ದ, ಜಗಳ ಆಗ್ತಿತ್ತು, ಅವತ್ತೇ ಮುಗೀತಿತ್ತು.

ಹೀಗಿರುವಾಗ ಸಾವ್ಕಾರ ಒಂದು ಮದುವೆಗೆ ಹೋದ. ಪಕ್ಕದ ಎಲೆಯಲ್ಲಿ ಕೂತವನು ಅವನ ಗೆಳೆಯ, ಅಕ್ಕಿ ಗಿರಣಿ ಮಾಲೀಕ. ಆ ಪುಣ್ಯಾತ್ಮ ಎಡಗೈಯಲ್ಲಿ ಫೋನು ಹಿಡಿದು ತೋರಿಸಿದ: ನೋಡು, ನನ್ನ ಆಳುಗಳ ಹಾಜರಿ, ರಜೆ, ಸಂಬಳ ಎಲ್ಲಾ ಇದರೊಳಗಿದೆ, ಯಾರು ಬಂದ, ಯಾರು ಕೈಕೊಟ್ಟ ಅಂತ ಹೋಳಿಗೆ ಮುರೀತಾ ಇಲ್ಲೇ ನೋಡ್ತೀನಿ ಅಂತ. ಸಿಬ್ಬಂದಿ ನೋಡಿಕೊಳ್ಳುವ ಸಾಫ್ಟ್‌ವೇರಂತೆ. ಸಾವ್ಕಾರನಿಗೆ ಆಮೇಲೆ ಹೋಳಿಗೆ ಇಳೀಲಿಲ್ಲ. ಪಾಯಸ ಬರೋದರೊಳಗೆ ತೀರ್ಮಾನ ಮಾಡಿಬಿಟ್ಟ. ಗೆಳೆಯನದಕ್ಕಿಂತ ದೊಡ್ಡದು ತರಬೇಕು.

ತಂದ. ಅದಕ್ಕೆ ‘ಸುಗಮ’ ಅಂತ ಹೆಸರು. ಹೆಸರು ಕೇಳಿ ನಗಬೇಡಿ, ಇನ್ನೂ ಇದೆ.

ಸಾಫ್ಟ್‌ವೇರ್ ಕಂಪನಿಯಿಂದ ಒಬ್ಬ ಇಂಜಿನಿಯರ್ ಬಂದ. ಸಾವ್ಕಾರನ ತಣ್ಣಗಿನ ಕೋಣೆಯಲ್ಲಿ ಕೂತು, ಸರ್, ನಿಮಗೆ ಏನೇನು ಕಾಣಬೇಕು ಅಂತ ಕೇಳಿದ. ಎಲ್ಲಾ ಕಾಣಬೇಕು ಅಂದ ಸಾವ್ಕಾರ. ಇಂಜಿನಿಯರ್ ಎಲ್ಲಾ ಹಾಕಿದ. ಹಪ್ಪಳ ಒತ್ತುವ ಹಾಲ್ ಒಂದು ಸಲ ನೋಡೋಣ ಅಂತ ಬಾಗಿಲ ತನಕ ಹೋದನಂತೆ. ಅಲ್ಲಿ ಚಪ್ಪಲಿ ಬಿಡಬೇಕು, ತಲೆಗೆ ಟೋಪಿ ಹಾಕಬೇಕು. ಅವನ ಶೂಗೆ ಲೇಸು. ಯಾರು ಬಿಚ್ಚಿ ಯಾರು ಕಟ್ಟೋದು ಅಂತ ಅಲ್ಲಿಂದಲೇ ವಾಪಸ್ ಬಂದ. ನೋಡಿ ಶರಣರೇ, ಆ ಹೆಂಗಸರಿಗೂ ಆ ಸಾಫ್ಟ್‌ವೇರಿಗೂ ನಡುವೆ ಇದ್ದದ್ದು ಒಂದು ಶೂ ಲೇಸು. ಬಿಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಳ್ಳೆಯ ದಿನ ನೋಡಿ ಪೂಜೆ ಮಾಡಿಸಿದರು. ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮಂಗಳಾರತಿ ಬೆಳಗಿದರು. ಸಾವ್ಕಾರ ಭಾಷಣ ಮಾಡಿದ. ಇನ್ನು ಮೇಲೆ ಯಾರೂ ಯಾರ ಮುಂದೂ ಕೈಕಟ್ಟಿ ನಿಂತು ರಜೆ ಕೇಳುವ ಹಾಗಿಲ್ಲ, ನಿಮ್ಮ ಗೌರವಕ್ಕೆ ಅಂತಲೇ ಇದನ್ನು ತಂದಿದ್ದೀನಿ ಅಂದ. ಮನಸಾರೆ ಹೇಳಿದ. ನಾಟಕ ಅಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು. ಹಳೇ ಬೀಗ ಕಿತ್ತು ಗೇಟಿಗೂ ಸುಗಮವನ್ನೇ ಜೋಡಿಸಿದರು. ಫೋನು ತೋರಿಸಿದರೆ ಗೇಟು ತೆರೆಯುತ್ತೆ, ಇಲ್ಲದಿದ್ದರೆ ಇಲ್ಲ.

ಮೊದಲು ಎಲ್ಲರ ವಿವರ ತುಂಬಬೇಕಲ್ಲ? ಹಾಲಪ್ಪ ಕೂತು ತುಂಬಿಸಿದ. ಸುಗಮ ಕೇಳಿದ್ದನ್ನು ಕೇಳಿದರೆ ನಿಮಗೆ ತಲೆ ತಿರುಗುತ್ತೆ. ನಿಮ್ಮ ಹತ್ತಿರದ ವಿಮಾನ ನಿಲ್ದಾಣ ಯಾವುದು? ನಿಮ್ಮ ಹವ್ಯಾಸ ಏನು? ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ? ದುರುಗಮ್ಮ ಅಂತ ಒಬ್ಬಳು, ಹಾಲ್‌ನಲ್ಲಿ ಎಲ್ಲರಿಗಿಂತ ತೆಳ್ಳಗೆ ಹಪ್ಪಳ ಒತ್ತುವವಳು, ಈ ಕೊನೆ ಪ್ರಶ್ನೆಗೆ ಬಹಳ ಹೊತ್ತು ಯೋಚನೆ ಮಾಡಿ, ಕಿಟಕಿ ಪಕ್ಕ ಅಂತ ಹೇಳಿದಳು. ಗಾಳಿ ಬರುತ್ತೆ ಅಲ್ಲಿ. ತಪ್ಪೇನಿದೆ?

ಆಮೇಲೆ ಅಡ್ಡಹೆಸರು, ಅಂದರೆ ಮನೆತನದ ಹೆಸರು. ಆ ಕಡೆ ಹೆಣ್ಣುಮಕ್ಕಳಿಗೆ ಅಡ್ಡಹೆಸರು ಎಲ್ಲಿಂದ ಬರಬೇಕು? ದುರುಗಮ್ಮ ಅಂದರೆ ದುರುಗಮ್ಮ. ಹಾಲಪ್ಪ ಆ ಜಾಗ ಖಾಲಿ ಬಿಟ್ಟ. ಸುಗಮ ಕೆಂಪಗಾಯಿತು, ಮುಂದಕ್ಕೆ ಬಿಡಲಿಲ್ಲ. ಮತ್ತೆ ಖಾಲಿ ಬಿಟ್ಟ, ಮತ್ತೆ ಕೆಂಪಗಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರಾಯಿತು ಅಂತ ಹಾಲಪ್ಪ ಆ ಜಾಗದಲ್ಲಿ ‘ಇಲ್ಲ’ ಅಂತ ಬರೆದ. ಸುಗಮಕ್ಕೆ ಬಹಳ ಸಂತೋಷವಾಯಿತು. ದುರುಗಮ್ಮ ಇಲ್ಲ. ಸರ್ವಮಂಗಳ ಇಲ್ಲ. ಸಾಲುಸಾಲು ಹೆಂಗಸರೆಲ್ಲಾ ‘ಇಲ್ಲ’. ಗೇಟು ಕಾಯುವ ಅಜ್ಜನೂ ‘ಇಲ್ಲ’. ಕೊನೆಗೆ ತನ್ನ ಹೆಸರಿನ ಮುಂದೂ ಹಾಲಪ್ಪ ಅದನ್ನೇ ಬರೆದು ಕೈ ಕೊಡವಿ ಎದ್ದ.

ಈಗ ದಿನಾ ಬಳಸಬೇಕು. ಬೆಳಿಗ್ಗೆ ಕೂತಾಗ ಫೋನಿನಲ್ಲಿ ಹಾಜರಿ ಒತ್ತಬೇಕು, ಟೀ ಕುಡಿದು ಬಂದು ಒತ್ತಬೇಕು, ಊಟ ಮಾಡಿ ಬಂದು ಒತ್ತಬೇಕು. ಒತ್ತುವ ಗುಂಡಿ ಮೊದಲ ಪುಟದಲ್ಲಿ ಇಲ್ಲ. ಮೊದಲ ಪುಟದಲ್ಲಿ ಸಾವ್ಕಾರನ ಫೋಟೋ. ಆಮೇಲೆ ಒಂದೊಂದೇ ಪುಟ ಸರಿಸ್ತಾ ಹೋದರೆ ಕೊನೆಗೆ ಐದು ಮುಖಗಳು, ನಗುವುದರಿಂದ ಅಳುವುದರ ತನಕ. ಈಗ ನಿಮ್ಮ ಮನಸ್ಸು ಹೇಗಿದೆ? ಅದನ್ನು ಹೇಳಿದರೆ ಮಾತ್ರ ಹಾಜರಿ. ಇಲ್ಲಿರುವ ತಾಯಂದಿರು ಹೇಳಿ, ಉದ್ದಿನ ಹಿಟ್ಟು, ಎಣ್ಣೆ ಮೆತ್ತಿದ ಬೆರಳಿಗೆ ಫೋನು ಕೇಳುತ್ತಾ? ಕೇಳಲ್ಲ. ಆ ಹೆಂಗಸರು ಫೋನನ್ನು ಮಣೆ ಮೇಲೆ ಇಟ್ಟು ಮೊಣಕೈಯಿಂದ ಒತ್ತುತ್ತಿದ್ದರು. ಮೊಣಕೈ ದೊಡ್ಡದು, ಮುಖ ಸಣ್ಣದು. ಹೇಗೆ ಒತ್ತಿದರೂ ತಗಲುತ್ತಿದ್ದದ್ದು ಕೆಳಗಿನ ಮೂಲೆಯ ಮುಖ. ಅದು ಅಳುವ ಮುಖ.

ಅತ್ತ ಸಾವ್ಕಾರ ತನ್ನ ಕೋಣೆಯಲ್ಲಿ ಪರದೆ ನೋಡ್ತಾನೆ, ಇಡೀ ಕಾರ್ಖಾನೆ ಅಳ್ತಾ ಇದೆ! ಬೆಳಿಗ್ಗೆ ಅಳು, ಟೀ ಆದ ಮೇಲೆ ಅಳು, ಮಧ್ಯಾಹ್ನ ಉಂಡೆದ್ದೂ ಅಳು. ಪಾಪ, ಅವನಿಗೆ ನಿಜವಾಗಿ ಸಂಕಟವಾಯಿತು. ನನ್ನ ಕಾರ್ಖಾನೆಯಲ್ಲಿ ಇಷ್ಟು ದುಃಖ ಇದೆ ಅಂತ ನನಗೇ ಗೊತ್ತಿರಲಿಲ್ಲವಲ್ಲ, ಈ ಸುಗಮ ಬಂದಿದ್ದಕ್ಕೆ ಗೊತ್ತಾಯಿತು ಅಂದುಕೊಂಡ. ಹಾಲ್ ಅವನ ಕೋಣೆಯಿಂದ ಒಂದು ಕೂಗಿನ ದೂರ. ಎದ್ದು ಹೋಗಿ ನೋಡಬಹುದಿತ್ತು. ಹೋದನಾ? ಹೋಗಲಿಲ್ಲ. ಪರದೆಯೇ ಹೇಳ್ತಿರುವಾಗ ಹೋಗೋದು ಯಾಕೆ? ನಗೆ ಯೋಗದ ಮೇಷ್ಟ್ರನ್ನು ಕರೆಸಿದ.

ಮೇಷ್ಟ್ರು ಬಂದು, ಕೈ ಮೇಲೆತ್ತಿ ಹ್ಹ ಹ್ಹ ಹ್ಹ ಅನ್ನಿ ಅಂದರು. ಹೆಂಗಸರು ಅಂದರು. ನಾದಿಟ್ಟ ಹಿಟ್ಟು ಒಣಗ್ತಾ ಇತ್ತು, ಮೇಷ್ಟ್ರು ಬಿಡಲಿಲ್ಲ. ಆ ಹೊತ್ತನ್ನು ಆಮೇಲೆ ಹೆಚ್ಚು ಹೊತ್ತು ಕೂತು ತೀರಿಸಬೇಕು. ಮೇಷ್ಟ್ರು ಅತ್ತ ಹೋದದ್ದೇ ತಡ, ಇವರು ಮತ್ತೆ ಮೊಣಕೈಯಿಂದ ಒತ್ತಿದರು. ಮತ್ತೆ ಇಡೀ ಕಾರ್ಖಾನೆ ಅಳು. ಸಾವ್ಕಾರ ಮೇಷ್ಟ್ರಿಗೆ, ಸಾಲದು, ದಿನಾ ಬನ್ನಿ ಅಂದ.

ಸಹಿಸೋತನಕ ಸಹಿಸಿ ಹೆಂಗಸರು ಒಂದು ದಾರಿ ಕಂಡುಕೊಂಡರು. ಸರ್ವಮಂಗಳ ಅಂದೆನಲ್ಲ, ಅವಳು ಹಪ್ಪಳ ಎಣಿಸಿ ಪ್ಯಾಕೆಟ್ಟಿಗೆ ಹಾಕುವವಳು. ಅವಳ ಕೈ ಒಣಗಿರುತ್ತೆ. ಎಲ್ಲರೂ ಬಂದವರೇ ಫೋನುಗಳನ್ನು ಒಂದು ದೊಡ್ಡ ಮೊರದಲ್ಲಿ ಹಾಕಿ ಅವಳ ಮುಂದಿಟ್ಟರು. ಅವಳು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದೇ ಎತ್ತಿ ಒತ್ತಿ ಆ ಕಡೆ ಇಡೋದು. ಮನಸ್ಸಿನ ಪುಟ ಬಂದಾಗ ಎಲ್ಲರಿಗೂ ನಗುವ ಮುಖವನ್ನೇ ಒತ್ತಿದಳು. ಅವಳ ಪ್ಯಾಕೆಟ್ ಕೆಲಸ ಹಿಂದೆ ಬಿತ್ತು, ಅದನ್ನು ಮಿಕ್ಕವರು ಸಂಜೆ ಸೇರಿ ಮುಗಿಸಿಕೊಟ್ಟರು.

ಪರದೆಯ ಮೇಲೆ ಏನಾಯಿತು? ಎಲ್ಲರೂ ಹಾಜರು, ಎಲ್ಲರೂ ನಗು! ಸಾವ್ಕಾರ ಉಬ್ಬಿಹೋದ. ಮೇಷ್ಟ್ರಿಗೆ ಶಾಲು ಹೊದಿಸಿದ. ಗಿರಣಿ ಗೆಳೆಯನಿಗೆ ಫೋನು ಮಾಡಿ, ನಿನ್ನ ಆಳುಗಳಲ್ಲಿ ಅರ್ಧ ಜನ ಒತ್ತುವುದೇ ಇಲ್ಲವಂತಲ್ಲ, ನನ್ನಲ್ಲಿ ಒಬ್ಬರೂ ತಪ್ಪಿಸಲ್ಲ ಅಂದ. ಸುಳ್ಳಾ ಅವನು ಹೇಳಿದ್ದು? ಸುಳ್ಳಲ್ಲ. ನಿಜವಾ? ಅದನ್ನು ನೀವೇ ಹೇಳಿ.

ಅದೇ ದಿನಗಳಲ್ಲಿ ದುರುಗಮ್ಮನ ಮಗುವಿಗೆ ಜ್ವರ ಬಂತು. ಅವಳ ಫೋನನ್ನು ಆವತ್ತು ಗಂಡ ತಗೊಂಡು ಲಾರಿ ಮೇಲೆ ದೂರದೂರಿಗೆ ಹೋಗಿದ್ದ. ಅವಳು ಪಕ್ಕದ ಮನೆಯವಳ ಕೈಲಿ ಹಾಲಪ್ಪನಿಗೆ ಹೇಳಿ ಕಳಿಸಿದಳು. ಹಾಲಪ್ಪ ಸಾವ್ಕಾರನಿಗೆ ಹೇಳಿದ. ಆದರೆ ಸುಗಮದಲ್ಲಿ ಆ ರಜೆ ಇರಲಿಲ್ಲ, ಅದು ಕೂಲಿ ಕತ್ತರಿಸಿತು. ಮಾರನೇ ವಾರ ದುರುಗಮ್ಮ ಕೋಣೆಯ ಬಾಗಿಲಿಗೆ ಬಂದು, ಜ್ವರ ಇದ್ದದ್ದು ನಿಜ ಸಾವ್ಕಾರ್ರೇ, ಆಸ್ಪತ್ರೆ ಚೀಟಿ ಇದೆ ಅಂದಳು. ಸಾವ್ಕಾರ ಪರದೆಯಿಂದ ಕಣ್ಣೆತ್ತಲಿಲ್ಲ. ‘ಇದರಲ್ಲಿ ಇಲ್ಲ ಅಂದ್ರೆ ರಜೆ ಇಲ್ಲ ದುರುಗಮ್ಮ. ನಾನೇನು ಮಾಡಕ್ಕಾಗುತ್ತೆ?’ ಅಂದ. ಮಾಲೀಕ ಅಂದ ಮಾತು ಇದು. ನಾನೇನು ಮಾಡಕ್ಕಾಗುತ್ತೆ ಅಂತೆ! ಅವಳು ಹೋದಳು. ಅವನ ಮನಸ್ಸಿಗೂ ಏನೋ ಚುಚ್ಚಿದಂತಾಯಿತು, ಆದರೆ ನಿಯಮ ನಿಯಮ ಅಂತ ಸಮಾಧಾನ ಮಾಡಿಕೊಂಡ.

ಸ್ವಲ್ಪ ದಿನ ಕಳೀತು. ಒಂದು ಸಂಜೆ ಕೆಲಸ ಬಿಡುವ ಹೊತ್ತಿಗೆ ದುರುಗಮ್ಮನಿಗೆ ಸುದ್ದಿ ಬಂತು, ಹಳ್ಳಿಯಲ್ಲಿದ್ದ ಅವಳ ಅತ್ತೆ ತೀರಿಕೊಂಡಳು ಅಂತ. ಈ ಸಲ ಅವಳು ಹಾಲಪ್ಪನಿಗೆ ಹೇಳಲಿಲ್ಲ, ನೇರ ಸರ್ವಮಂಗಳನ ಹತ್ತಿರ ಹೋದಳು. ಸರ್ವಮಂಗಳ ಪುಟ ಪುಟ ಸರಿಸಿ, ಕುಟುಂಬದಲ್ಲಿ ಸಾವು ಅನ್ನೋದನ್ನು ಹುಡುಕಿ ಒತ್ತಿದಳು. ಸಂಬಂಧ? ಅತ್ತೆ. ಒತ್ತಿದಳು. ದುರುಗಮ್ಮ ಬಸ್ಸು ಹತ್ತಿದಳು.

ಸುಗಮ ಯೋಚನೆ ಮಾಡಿತು. ಅದಕ್ಕೂ ಒಂದು ಬುದ್ಧಿ ಅಂತ ಕೊಟ್ಟಿದ್ದರಲ್ಲ. ‘ಇಲ್ಲ’ ಮನೆತನದಲ್ಲಿ ಸಾವಾಗಿದೆ. ಈ ಮನೆತನದವರು ಕಾರ್ಖಾನೆಯಲ್ಲಿ ಯಾರ್ಯಾರಿದ್ದಾರೆ? ಎಲ್ಲರೂ! ಬಿಡಲಿಲ್ಲ ಅದು. ಬೆಳಕು ಹರಿಯುವ ಹೊತ್ತಿಗೆ ಒಬ್ಬೊಬ್ಬರ ಫೋನಿಗೂ ಓಲೆ ಹೋಯಿತು. ‘ನಿಮ್ಮ ಅತ್ತೆಯವರ ನಿಧನಕ್ಕೆ ಸಂತಾಪಗಳು. ಮೂರು ದಿನ ರಜೆ ಮಂಜೂರಾಗಿದೆ. ದಯವಿಟ್ಟು ಕುಟುಂಬದೊಂದಿಗೆ ಇರಿ.’

ಹೆಂಗಸರು ಗಾಬರಿಯಾಗಿ, ಮನೆಯಲ್ಲಿ ಅತ್ತೆ ಇದ್ದವರು ಹೋಗಿ ಅತ್ತೆಯನ್ನು ಮುಟ್ಟಿ ನೋಡಿ ಬಂದರಂತೆ. ಒಬ್ಬಳ ಅತ್ತೆ ಒಲೆ ಮುಂದೆ ಕೂತು ರೊಟ್ಟಿ ಬಡೀತಿದ್ದಳು. ಇದನ್ನು ಓದಿದ ಸೊಸೆಯ ಮುಖದಲ್ಲಿ ಏನು ಕಂಡಳೋ ಏನೋ, ಆವತ್ತಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಇರಲಿ. ಎಲ್ಲರೂ ಕಾರ್ಖಾನೆಗೆ ಬಂದರೆ ಗೇಟು ತೆರೆಯಲಿಲ್ಲ. ಸೂತಕದವರು ಕೆಲಸ ಮಾಡುವಂತಿಲ್ಲ ಅಂತ ಅದಕ್ಕೆ ನಿಯಮ. ಅಲ್ಲಿ ನಿಂತು ಮಾತಾಡುವಾಗ ಸರ್ವಮಂಗಳ ಹೇಳಿದಳು, ಸತ್ತದ್ದು ದುರುಗಮ್ಮನ ಅತ್ತೆ. ಅರೆ, ಹಾಗಾದರೆ ದುರುಗಮ್ಮನ ಅತ್ತೆ ಸತ್ತದ್ದಕ್ಕೆ ಸಾವ್ಕಾರ್ರು ಇಡೀ ಕಾರ್ಖಾನೆಗೆ ರಜೆ ಕೊಟ್ಟು, ಮಣ್ಣಿಗೆ ಹೋಗಿ ಬನ್ನಿ ಅಂತ ಹೇಳ್ತಿದ್ದಾರೆ! ಎಂಥ ಮನುಷ್ಯ! ಹೆಂಗಸರ ಕಣ್ಣಲ್ಲಿ ನೀರು ಬಂತು. ಹಾಲಪ್ಪ, ಗೇಟಿನ ಅಜ್ಜ, ಎಲ್ಲರೂ ಸೇರಿ ಬಸ್ಸು ಹಿಡಿದರು.

ಸಾವ್ಕಾರ ಬಂದಾಗ ಗೇಟಿನ ಮುಂದೆ ಒಂದು ನಾಯಿ ಮಾತ್ರ ಇತ್ತು. ಒಳಗೆ ಹಿಂದಿನ ಸಂಜೆ ನಾದಿಟ್ಟ ಹಿಟ್ಟು ರಾಶಿ ಇತ್ತು, ಮಧ್ಯಾಹ್ನದೊಳಗೆ ಒತ್ತದಿದ್ದರೆ ಹುಳಿ ಬಂದು ಕೆಟ್ಟುಹೋಗುವಂಥದ್ದು. ಯಾರಿಗೆ ಫೋನು ಮಾಡಿದರೂ ಎತ್ತುತ್ತಿಲ್ಲ, ಬಸ್ಸಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಇಂಜಿನಿಯರನಿಗೆ ಮಾಡಿದ. ಇಂಜಿನಿಯರ್ ತನ್ನ ಕಡೆ ನೋಡಿ, ಎಲ್ಲಾ ಸರಿಯಾಗಿದೆ ಸರ್, ನಿಮ್ಮ ಸಿಬ್ಬಂದಿ ಕುಟುಂಬದಲ್ಲಿ ಬಹಳ ದೊಡ್ಡ ಸಾವಾಗಿದೆ, ನನ್ನ ಸಂತಾಪ ಅಂದ. ಗೇಟು ತೆಗಿ ಮಾರಾಯ ಅಂದರೆ, ನೀವೂ ಸಿಬ್ಬಂದಿ ಅಂತ ಹೆಸರು ನೋಂದಾಯಿಸಿಕೊಳ್ಳಿ, ತಾನಾಗೇ ತೆರೆಯುತ್ತೆ ಅಂದ.

ಇಲ್ಲಿ ನೋಡಿ. ಇಷ್ಟು ದಿನ ಸಾವ್ಕಾರ ಸುಗಮವನ್ನು ನೋಡಿದ್ದ, ಬಳಸಿರಲಿಲ್ಲ. ಅವನು ಬರುವ ಹೊತ್ತಿಗೆ ಹಾಲಪ್ಪ ಗೇಟು ತೆಗೆದಿರುತ್ತಿದ್ದ. ಈಗ ಮೊದಲ ಸಲ ಬಿಸಿಲಲ್ಲಿ ನಿಂತು ಫೋನು ಹಿಡಿದ. ಮೊದಲು ತನ್ನದೇ ಫೋಟೋ, ನಗ್ತಾ ಇದೆ. ಅದನ್ನು ಸರಿಸಿದ. ವಿಮಾನ ನಿಲ್ದಾಣ ಕೇಳಿತು. ಹವ್ಯಾಸ ಕೇಳಿತು. ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣುತ್ತೀರಿ ಅಂತು. ಗೇಟಿನ ಒಳಗೆ ಅಂತ ಬರೆದ. ಬೆವರಿನ ಕೈ, ಅಕ್ಷರ ಬೇರೆ ಕಡೆ ಬೀಳ್ತಿತ್ತು. ಅಡ್ಡಹೆಸರು ಕೇಳಿತು. ಅವನಿಗೆ ತಾನೇ ಎಲ್ಲಿತ್ತು? ಅಪ್ಪನ ಹೆಸರಿನ ಮೊದಲ ಅಕ್ಷರ ಹಾಕಿದ, ಒಂದೇ ಅಕ್ಷರ ಸಾಲದು ಅಂತು. ಖಾಲಿ ಬಿಟ್ಟ, ಕೆಂಪಗಾಯಿತು. ಸಿಟ್ಟು ನೆತ್ತಿಗೇರಿ ‘ಇಲ್ಲ’ ಅಂತ ಕುಟ್ಟಿದ. ತಗೊಂಡಿತು! ಆಮೇಲೆ ಐದು ಮುಖ ತೋರಿಸಿ ಮನಸ್ಸು ಹೇಗಿದೆ ಅಂತು. ಕೋಪದ ಮುಖವೇ ಇರಲಿಲ್ಲ ಅದರಲ್ಲಿ. ಯಾವುದೋ ಒಂದನ್ನು ಒತ್ತಿದ. ಫೋನು ಗುಂಯ್ ಅಂತು. ‘ನಿಮ್ಮ ಅತ್ತೆಯವರ ನಿಧನಕ್ಕೆ ಸಂತಾಪಗಳು. ದಯವಿಟ್ಟು ಕುಟುಂಬದೊಂದಿಗೆ ಇರಿ.’

ಗೇಟು ತೆರೆಯಲಿಲ್ಲ.

ತನ್ನ ಕಾರ್ಖಾನೆ, ತನ್ನ ಗೇಟು, ತಾನು ಹೊರಗೆ. ಆ ಕ್ಷಣ ಅವನಿಗೆ ಏನನಿಸಿರಬೇಕು? ಯಾರ ಮೇಲಾದರೂ ಕೂಗಾಡಬೇಕು ಅನ್ನಿಸಿತು. ಕೂಗಾಡೋಕೆ ಒಬ್ಬರೂ ಇರಲಿಲ್ಲ. ಗೇಟಿನ ಎದುರು ಚಹಾ ಅಂಗಡಿಯವನು, ಎಲ್ಲಾ ದುರುಗಮ್ಮನ ಹಳ್ಳಿಗೆ ಹೋದರು ಅಂದ. ಸಾವ್ಕಾರ ಕಾರು ಹತ್ತಿದ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡ. ಹಾಲಪ್ಪನಿಗೆ ಏನನ್ನಬೇಕು, ದುರುಗಮ್ಮನಿಗೆ ಏನನ್ನಬೇಕು, ಎಲ್ಲಾ ತಯಾರು.

ಹಳ್ಳಿ ತಲುಪಿದರೆ ಬೀದಿ ತುಂಬಾ ಜನ. ತೀರಿಕೊಂಡ ಮುದುಕಿ ಬಾಯಿ ಜೋರಿನವಳು, ಊರಲ್ಲಿ ಅರ್ಧ ಮನೆಗಳ ಜೊತೆ ಮಾತಿರಲಿಲ್ಲ. ಹೊರೋದಕ್ಕೆ ನಾಲ್ಕು ಜನ ಸಿಕ್ಕರೆ ಹೆಚ್ಚು ಅಂತ ದುರುಗಮ್ಮ ಹೆದರಿ ಕೂತಿದ್ದಳಂತೆ. ಅಂಥ ಮನೆಗೆ ಬಸ್ಸುಗಟ್ಟಲೆ ಹೆಂಗಸರು ಬಂದು ಇಳಿದು, ಸಾಲಾಗಿ ಕೂತು ಅಳೋದನ್ನು ನೋಡಿ ಊರವರಿಗೆ ದಿಗ್ಭ್ರಮೆ. ಮಾತು ಬಿಟ್ಟವರೂ ನಾಚಿಕೊಂಡು ಬಂದು ನಿಂತಿದ್ದರು. ಈ ಮುದುಕಿ ಯಾರಾಗಿದ್ದಳು ಹಾಗಾದರೆ ಅಂತ ಒಬ್ಬರನ್ನೊಬ್ಬರು ಕೇಳ್ತಿದ್ದರು.

ಸಾವ್ಕಾರ ಕಾರಿಂದ ಇಳಿದ. ಬಾಯಿ ತೆರೆದ. ಅಷ್ಟರಲ್ಲಿ ಎಲ್ಲಾ ಹೆಂಗಸರೂ ಎದ್ದು ನಿಂತರು. ಅವನಿಗೆ ಕೈಮುಗಿದರು. ಅವರ ಮುಖ ನೋಡಿದ ಅವನು. ಎಷ್ಟು ದಿನ ಆಗಿತ್ತು ಅವರ ಮುಖ ನೋಡಿ? ಜೋಡಿಸಿಕೊಂಡು ಬಂದಿದ್ದ ಬೈಗುಳ ಒಂದೂ ಹೊರಗೆ ಬರಲಿಲ್ಲ.

ಊರಿನ ಹಿರಿಯರೊಬ್ಬರು ಬಂದು, ತಾವು ಸತ್ತವರಿಗೆ ಏನಾಗಬೇಕು ಅಂತ ಕೇಳಿದರು. ಸಾವ್ಕಾರ ವಿವರಿಸೋಣ ಅಂತ ಫೋನು ತೋರಿಸಿದ. ಹಿರಿಯರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: ನಿಮ್ಮ ಅತ್ತೆಯವರ ನಿಧನಕ್ಕೆ. ಓ, ಅಳಿಯಂದಿರು, ಅಂದರು ಹಿರಿಯರು. ದಾರಿ ಬಿಡ್ರಪ್ಪಾ, ಅಳಿಯಂದಿರು ಬಂದಿದ್ದಾರೆ! ಕೈಹಿಡಿದು ಕರೆದುಕೊಂಡು ಹೋಗಿ ಚಟ್ಟದ ಮುಂದಿನ ಬಲಗಡೆ ನಿಲ್ಲಿಸಿಬಿಟ್ಟರು. ಅಲ್ಲ, ನಾನು ಅಳಿಯ ಅಲ್ಲ ಅಂತ ಆ ಹೊತ್ತಿನಲ್ಲಿ ಹೇಳೋದು ಹೇಗೆ? ಹೆಗಲು ಕೊಟ್ಟ. ಕಂಡು ಕೇಳದ ಮುದುಕಿಯನ್ನು ಊರಾಚೆಗೆ ಹೊತ್ತುಕೊಂಡು ಹೋಗಿ, ಮೂರು ಹಿಡಿ ಮಣ್ಣು ಹಾಕಿ ಬಂದ. ಬಿಳಿ ಅಂಗಿಯ ಹೆಗಲು ಚಟ್ಟದ ಕುಂಕುಮಕ್ಕೆ ಕೆಂಪಾಗಿತ್ತು.

ಬಂದು ಹೊಂಗೆ ಮರದ ನೆರಳಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂತ. ಯಾರೋ ಲೋಟದಲ್ಲಿ ಬೆಲ್ಲದ ಚಹಾ ಕೊಟ್ಟರು. ದುರುಗಮ್ಮ ಎದುರಿಗೆ ಬಂದು ಕೂತಳು. ಅತ್ತು ಅತ್ತು ಮುಖ ಊದಿತ್ತು.

‘ಮಗೂಗೆ ಜ್ವರ ಬಂದಾಗ ನೀವು ನನ್ನ ಮುಖಾನೂ ನೋಡ್ಲಿಲ್ಲ ಸಾವ್ಕಾರ್ರೇ. ಮನಸ್ಸಿನಾಗೆ ಇಟ್ಕೊಂಡಿದ್ದೆ. ಇವತ್ತು ತೆಗೆದುಹಾಕಿದೀನಿ’ ಅಂದಳು.

ಶರಣರೇ, ಸುಮ್ಮನಿದ್ದುಬಿಡಬಹುದಿತ್ತು ಅವನು. ದೊಡ್ಡ ಹೆಸರು ಪುಕ್ಕಟೆ ಸಿಕ್ಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲೋಟ ಕೆಳಗಿಟ್ಟ. ಆಮೇಲೆ ಹೇಳಿದ.

‘ರಜೆ ನಾನು ಕೊಡಲಿಲ್ಲ ದುರುಗಮ್ಮ. ಅದು ತಾನಾಗಿ ಕೊಟ್ಟಿತು, ತಪ್ಪಿ ಕೊಟ್ಟಿತು. ನಾನು ನಿಮ್ಮನ್ನೆಲ್ಲಾ ಬೈದು ವಾಪಸ್ ಕರ್ಕೊಂಡು ಹೋಗೋಕೆ ಬಂದೆ.’

ಗೇಟಿನ ಮುಂದೆ ತಾನು ಪಟ್ಟ ಪಾಡನ್ನೂ ಹೇಳಿದ, ತಾನೂ ‘ಇಲ್ಲ’ ಆಗಿ ಹೊರಗೆ ಉಳಿದದ್ದನ್ನೂ ಹೇಳಿದ. ಸಾವಿನ ಮನೆ, ನಗಬಾರದು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಭುಜಗಳು ಮಾತ್ರ ಕುಣೀತಿದ್ದವು. ಮೊದಲು ತಡೆಯಲಾರದೆ ಪಕ್ಕೆಂದವಳು ದುರುಗಮ್ಮನೇ.

ಆಗ ಅವನು ಕೇಳಿದ, ದಿನಾ ಎಲ್ಲರೂ ನಗುವ ಮುಖ ಒತ್ತುತ್ತಿದ್ದಿರಲ್ಲ, ಅದೂ ಸುಳ್ಳಾ ಅಂತ. ಸರ್ವಮಂಗಳ ತಲೆ ತಗ್ಗಿಸಿ ಮೊರದ ವಿಷಯ ಹೇಳಿದಳು. ‘ಯಾವುದಾದ್ರೂ ಒಂದು ಒತ್ತಬೇಕಲ್ರಿ. ಅಳೋದು ಒತ್ತಿದ್ರೆ ನೀವು ಮತ್ತೆ ಆ ನಗೋ ಮೇಷ್ಟ್ರನ್ನ ಕಳಿಸ್ತಿದ್ರಿ’ ಅಂದಳು.

ಸಾವ್ಕಾರನಿಗೆ ಆವತ್ತು ಕೋಪ ಬರಲಿಲ್ಲ. ನಾಚಿಕೆಯಾಯಿತು. ನಿಮಗೆ ಏನು ಬೇಕಿತ್ತು ಅಂತ ಕೇಳಿದ. ಈ ಪ್ರಶ್ನೆ ಅವನು ಕೇಳಿದ್ದು ಅದೇ ಮೊದಲು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೂ ಕೇಳಿದ ಅಭ್ಯಾಸವಿದ್ದರೆ ತಾನೇ ಹೇಳಿ ಅಭ್ಯಾಸ? ಮೊದಲು ಒಬ್ಬರು ಒಂದು ಅಂದರು, ಇನ್ನೊಬ್ಬರು ಇನ್ನೊಂದು ಅಂದರು, ಆಮೇಲೆ ಎಲ್ಲರೂ ಒಟ್ಟಿಗೇ. ಅವರು ಕೇಳಿದ್ದು ಬಹಳ ಸಣ್ಣದು. ಬಂದಿದ್ದೀವಿ ಅಂತ ಹೇಳಬೇಕು, ನಾಳೆ ಬರಲ್ಲ ಅಂತ ಹೇಳಬೇಕು, ಹೇಳಿದ್ದು ಒಬ್ಬ ಮನುಷ್ಯನ ಕಿವಿಗೆ ಬಿದ್ದಿದೆ ಅಂತ ಗೊತ್ತಾಗಬೇಕು.

ಸಿಕ್ಕ ಮೂರು ದಿನ ರಜೆಯನ್ನು ಅವನು ವಾಪಸ್ ಪಡೀಲಿಲ್ಲ. ಹಿಟ್ಟು ಹುಳಿ ಬಂತು, ಚೆಲ್ಲಿಸಿದ. ಗೇಟು ತೆರೆದ ದಿನವೇ ಇಂಜಿನಿಯರನನ್ನು ಕರೆಸಿ, ಶೂ ಬಿಚ್ಚಿಸಿ, ಟೋಪಿ ಹಾಕಿಸಿ, ಹೆಂಗಸರ ಸಾಲಿನಲ್ಲಿ ಮಣೆ ಕೊಟ್ಟು ಕೂರಿಸಿದ. ಹಪ್ಪಳ ಒತ್ತಯ್ಯ, ಆಮೇಲೆ ಕಂಪ್ಯೂಟರ್ ಅಂದ. ಅವನು ಒತ್ತಿದ. ಅವನ ಹಪ್ಪಳ ಯಾವ ದೇಶದ ನಕ್ಷೆಗೂ ಹೊಂದುತ್ತಿರಲಿಲ್ಲ. ಎರಡೂ ಕೈ ಹಿಟ್ಟು ಎಣ್ಣೆಯಲ್ಲಿ ಮುಳುಗಿರುವಾಗ ಅವನ ಫೋನು ಬಡ್ಕೊಂಡಿತು. ಅವನ ಮೇಲಿನ ಸಾಹೇಬರು. ಬೆರಳಿಂದ ಒತ್ತಿದ, ಆಗಲಿಲ್ಲ. ಗೆಣ್ಣಿಂದ ಒತ್ತಿದ, ಆಗಲಿಲ್ಲ. ಕೊನೆಗೆ ಬಗ್ಗಿ ಮೂಗಿನಿಂದ ಒತ್ತಿ, ನೆಲಕ್ಕೆ ಕಿವಿ ಹಚ್ಚಿ, ಹೇಳಿ ಸರ್ ಅಂದ. ಅವನು ತಲೆ ಎತ್ತಿ ಸುತ್ತ ನೋಡಿದ, ಅಷ್ಟೇ. ಆ ಸಂಜೆ ತಾನಾಗೇ ಕೂತು ಪುಟಗಳನ್ನು ಕಿತ್ತುಹಾಕತೊಡಗಿದ.

ವಿಮಾನ ನಿಲ್ದಾಣ ಹೋಯಿತು, ಹವ್ಯಾಸ ಹೋಯಿತು, ಅಡ್ಡಹೆಸರು ಹೋಯಿತು. ಮುಖಗಳೂ ಹೋದವು. ಮುಖ ನೋಡಬೇಕು ಅಂದರೆ ನಾನೇ ಬಂದು ನೋಡ್ತೀನಿ ಅಂದ ಸಾವ್ಕಾರ. ಹಾಲ್‌ನ ಬಾಗಿಲಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಒಂದು ಗುಂಡಿ ಇಟ್ಟರು, ಮೊಣಕೈಗೂ ಸಿಗುವಂಥದ್ದು. ರಜೆ ಬೇಕಾದರೆ ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು, ಆ ಮಾತೇ ಹಾಲಪ್ಪನಿಗೆ ಕೇಳಿಸುತ್ತೆ. ಅವನು ಹೂಂ ಅಂದರೆ ಇವರಿಗೆ ಕೇಳಿಸುತ್ತೆ. ಈ ಸಲ ಪೂಜೆ ಮಾಡಿಸಲಿಲ್ಲ, ಭಾಷಣ ಮಾಡಲಿಲ್ಲ, ಬಳಸಲೇಬೇಕು ಅಂತ ಹುಕುಂ ಹೊರಡಿಸಲಿಲ್ಲ. ಸೋಮವಾರ ಬೆಳಿಗ್ಗೆ ಹೆಂಗಸರು ಬಂದರು. ತಮ್ಮ ಪಾಡಿಗೆ ಏನೋ ಮಾತಾಡಿಕೊಳ್ತಾ, ಹೋಗ್ತಾ ಹೋಗ್ತಾ ಮೊಣಕೈ ತಾಗಿಸಿ ಒಳಗೆ ಹೋದರು. ಬಳಸ್ತಾ ಇದ್ದೀವಿ ಅನ್ನೋದು ಅವರಿಗೆ ಗೊತ್ತೇ ಆಗಲಿಲ್ಲ.

ಕಥೆ ಇಷ್ಟೇ. ಈಗ ನಿಮ್ಮ ಹತ್ತಿರ ಬರ್ತೀನಿ.

ನಗ್ತಾ ಇದ್ದಿರಿ ಇಷ್ಟು ಹೊತ್ತು. ಸಾವ್ಕಾರನನ್ನು ನೋಡಿ ನಕ್ಕಿರಿ. ಅವನು ಮಾಡಿದ ತಪ್ಪು ಯಾವುದು? ಕೊಟ್ಟದ್ದು ತಪ್ಪಾ? ಅಲ್ಲ. ಹೊಸದು ತಂದದ್ದು ತಪ್ಪಾ? ಅದೂ ಅಲ್ಲ. ಯಾರ ಕೈಗೆ ಕೊಡ್ತೀನೋ ಆ ಕೈಯಲ್ಲಿ ಏನಿದೆ ಅಂತ ನೋಡಲಿಲ್ಲ. ಹಿಟ್ಟಿತ್ತು. ಅಷ್ಟು ಗೊತ್ತಾಗೋಕೆ ಅವನು ಒಂದು ಹೆಣ ಹೊರಬೇಕಾಯಿತು. ನೀವು? ಸೊಸೆಗೆ ಹೊಸ ಅಡುಗೆಮನೆ ಕಟ್ಟಿಸಿದಿರಿ, ಡಬ್ಬ ಇಡುವ ಹಲಗೆ ನಿಮ್ಮ ಎತ್ತರಕ್ಕೆ. ಅವಳು ಎಲ್ಲಾ ಡಬ್ಬ ಕಟ್ಟೆ ಮೇಲೆ ಹರಡಿಕೊಂಡರೆ, ಅಚ್ಚುಕಟ್ಟಿಲ್ಲ ಅಂತೀರಿ. ಮುದಿ ತಾಯಿಗೆ ದೊಡ್ಡ ಫೋನು ಕೊಡಿಸಿದಿರಿ. ಅವಳು ಎತ್ತದಿದ್ದರೆ, ಕಲಿಯೋ ಮನಸ್ಸಿಲ್ಲ ಅಂತೀರಿ. ಕಚೇರಿಯಲ್ಲಿ ಕೂರುವವರು ಕಿಟಕಿಯ ಆಚೆ ನಿಂತವರನ್ನು ಏನಂತೀರಿ ಅಂತ ನಾನು ಹೇಳೋದು ಬೇಡ. ಬಳಸದವರನ್ನು ದಡ್ಡರು ಅನ್ನೋದು ಬಹಳ ಸುಲಭ. ಅವರ ಜಾಗದಲ್ಲಿ ಒಂದು ಗಳಿಗೆ ಕೂರೋದು ಕಷ್ಟ. ಅದಕ್ಕೇ ನಾವು ಕೂರಲ್ಲ. ಒಬ್ಬರಿಗಾಗಿ ಏನೇ ಮಾಡಿ, ಮಾಡುವ ಮುಂಚೆ ಅವರನ್ನು ಕೇಳಿ. ಮಾಡಿದ ಮೇಲೆ ಅವರ ಹಾಗೆ ನಿಂತು ನೀವೇ ಒಂದು ಸಲ ಬಳಸಿ ನೋಡಿ. ಆಗಲೂ ಅವರು ಬಳಸದಿದ್ದರೆ, ಮತ್ತೆ ಕೇಳಿ.

ಕಮಿಟಿಯವರು ಮುಂದೆಯೇ ಕೂತಿದ್ದೀರಿ, ಒಳ್ಳೆಯದಾಯಿತು. ದಾಸೋಹದ ಹಾಲ್ ಹೊರಗೆ ಕೈ ತೊಳೆಯೋಕೆ ಗ್ರಾನೈಟ್ ಹಾಕಿಸಿ ಸಾಲಾಗಿ ನಲ್ಲಿ ಕೂರಿಸಿದ್ದೀರಿ. ಬಹಳ ಚಂದ ಇದೆ. ಹಾಸ್ಟೆಲಿನ ಮಕ್ಕಳು ಕೈ ತೊಳೆಯದೆ ಊಟಕ್ಕೆ ಕೂರ್ತಾರೆ ಅಂತ ಮೊನ್ನೆ ನನಗೆ ದೂರು ಹೇಳಿದಿರಿ. ಈಗ ಮಂಗಳ ಆದ ಮೇಲೆ ದಯವಿಟ್ಟು ಒಂದು ಕೆಲಸ ಮಾಡಿ. ಕಮಿಟಿಯವರೆಲ್ಲಾ ಆ ನಲ್ಲಿಗಳ ಮುಂದೆ ಹೋಗಿ ಮಂಡಿಯೂರಿ. ಒಂದನೇ ಕ್ಲಾಸಿನ ಮಗುವಿನಷ್ಟೇ ಎತ್ತರ ಆಗ್ತೀರಿ. ಏಳಬೇಡಿ, ಹಾಗೇ ಇದ್ದುಕೊಂಡು ನಲ್ಲಿ ತಿರುಗಿಸಿ ಕೈ ತೊಳೆದುಕೊಳ್ಳಿ. ತೊಳೆಯೋಕೆ ಆದವರು ಮಾತ್ರ ಇವತ್ತು ಊಟಕ್ಕೆ ಬನ್ನಿ. ಆಗದವರು ಅಲ್ಲೇ ಇರಿ, ನಲ್ಲಿ ಕೆಳಗಿಳಿಸೋಕೆ ಗೌಂಡಿಯನ್ನು ನಾನೇ ಕಳಿಸ್ತೀನಿ.